ಕಚ್ಚುಗುರುತು

ಕನ್ನಂಪಲ್ಲಿ ಕೆರೆ ಕಡೆಯಿಂದ ಚಳಿ ಏರಿ ಬರುವ ಹೊತ್ತಿಗೆ
ಚಿಂತಾಮಣಿಯ ನಮ್ಮ ಶೆಡ್ಡಿನ ಮುಂದೆ ಮೂರು ಗಾಡಿ:
ಶಿವಾರೆಡ್ಡಿಯ ಲೇಲ್ಯಾಂಡು, ಮೂತಿಗೆ ಗೋಣಿ ಹೊದ್ದು;
ಪಿಳ್ಳಪ್ಪನ ಫೋರ್ ನಾಟ್ ಸೆವೆನ್ನು,
ಟೊಮೇಟೊ ರಸ ಒಣಗಿ ಹಲಗೆಯೆಲ್ಲ ಹುಳಿ ನಾರುತ್ತ;
ಕಾಂಪೌಂಡರ್ ಅಶ್ವತ್ಥಪ್ಪನ ಡೀಸೆಲ್ ಅಂಬಾಸಿಡರು,
ಒಂದು ಬಾಗಿಲು ಬಿಳಿ, ಉಳಿದವು ಒಂದು ಕಾಲದ ಬಿಳಿ.

ಮೂರಕ್ಕೂ ಬೇರೆ ಬೇರೆ ಕೆಮ್ಮು.

‘ಮದನಪಲ್ಲಿ ರಸ್ತೆ ದಿಬ್ಬದಲ್ಲಿ
ಎರಡನೇ ಗೇರಿಗೆ ಇಳಿಯದ್ದು ನಂದೊಂದೇ’ ಅಂತ ರೆಡ್ಡಿ.
‘ಹತ್ತುತ್ತೆ ನಿಜ, ಕುಡಿಯೋದು ಮಾತ್ರ ಕಲ್ಯಾಣಿ ಬತ್ತೋ ಹಂಗೆ.’
‘ನಿನ್ನ ತಗಡಿಗೆ ಹತ್ತು ಕ್ರೇಟ್ ಜಾಸ್ತಿ ಹೇರು,
ಹಿಂದಿನ ಕಮಾನು ಪಟ್ಟಿ ಉಲ್ಟಾ ನಗುತ್ತೆ.’
ಹೆತ್ತವರಿಗೆ ಹೆಗ್ಗಣ ಮುದ್ದು,
ಓಡಿಸಿದವರಿಗೆ ಅದರ ಹೊಗೆ.
ಅಂಬಾಸಿಡರಿನ ಪರ ಯಾರೂ ಬಾಯಿಬಿಡಲಿಲ್ಲ.
ಅಶ್ವತ್ಥಪ್ಪ ಎದ್ದು ಹೋಗಿ ಅದರ ಕನ್ನಡಿ ಒರೆಸಿದರು,
ಇದೆಲ್ಲ ಅದರ ಕಿವಿಗೆ ಬೀಳದಿರಲಿ ಎಂಬಂತೆ.

‘ಯಾವುದು ಮೇಲು, ನೀವೇ ಹೇಳಿ ಉಸ್ತಾದ್.’
ಮಸ್ತಾನ್‌ವಲಿ ಸಾಬರು ಟೀ ಲೋಟ ಕೆಳಗಿಟ್ಟು ಅಂದರು:
‘ಆಯಿಲ್ ಫಿಲ್ಟರು ಯಾವುದರಲ್ಲಿ ನಿಂತೇ ಬಿಚ್ಚಬಹುದೋ ಅದು.
ನನ್ನ ಮಂಡಿಗಳನ್ನ ಕೇಳಿ. ಅವು ಪಾರ್ಟಿ ಕಟ್ಟಲ್ಲ.’

ನಾನು ಪಕ್ಕದ ಪಂಚರ್ ಅಂಗಡಿಯವನ ಮಗಳು, ಗಂಗರತ್ನ.
ಪಾನಾ ಎತ್ತಿಕೊಡಲು ಬಂದವಳು ಆರು ವರ್ಷವಾದರೂ ವಾಪಸು ಹೋಗಲಿಲ್ಲ.
ಕರಿಹೊಗೆಯಾದರೆ ಗಾಳಿ ಸಾಲದು,
ನೀಲಿಯಾದರೆ ಆಯಿಲ್ ಉರಿಯುತ್ತಿದೆ,
ಬಿಳಿಯಾದರೆ ಆತುರ ಬೇಡ, ಒಂದು ಬೀಡಿ ಮುಗಿಯಲಿ, ಆಮೇಲೆ ನೋಡು;
ಟ್ಯಾಪೆಟ್ಟಿಗೆ ತೂರಿಸಿದ ಗೇಜಿನ ತಗಡು
ಹಿಡಿದೂ ಹಿಡಿಯದಂತೆ ಜಾರಬೇಕು;
ನಾಜಲ್ಲಿನ ಬಾಯಿಗೆ ಬೆರಳು ಒಡ್ಡಬಾರದು.
ಇದನ್ನು ಅವರು ಹೇಳಿಕೊಟ್ಟಿಲ್ಲ,
ಮರಗಟ್ಟಿದ ತೋರುಬೆರಳನ್ನು ನನ್ನ ಮುಂದೆ ಹಿಡಿದರು, ಅಷ್ಟೇ.

ಎಂಜಿನ್ನಿನ ಒಳಗನ್ನು ಅವರು ಮೊದಲು ಕಿವಿಯಿಂದ ಕೇಳುತ್ತಿದ್ದರಂತೆ,
ಮೊಳದುದ್ದದ ಸ್ಕ್ರೂಡ್ರೈವರು, ತುದಿ ಕಬ್ಬಿಣಕ್ಕೆ, ಹಿಡಿ ಕಿವಿಗೆ.
ನಲವತ್ತು ವರ್ಷದ ಗದ್ದಲ ಕಿವಿಯನ್ನು ತಿಂದ ಮೇಲೆ
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ,
ದವಡೆಯಿಂದಲೇ ಕೇಳಿದರು.
ಲೋಡು ಇಳಿಸಿ ಬಂದ ಡ್ರೈವರುಗಳು ಸುತ್ತ ನಿಂತು
ಉಸಿರು ಬಿಗಿಹಿಡಿದಿದ್ದನ್ನು ನಾನೇ ಕಂಡಿದ್ದೇನೆ.

ಹೋದ ತಿಂಗಳು ಉಳಿದ ಹಲ್ಲುಗಳನ್ನೂ ಕೀಳಿಸಿದರು.
ಹೊಸ ಸೆಟ್ಟು ಜೇಬಲ್ಲಿ, ಕರ್ಚೀಫಿನ ಒಳಗೆ.
‘ಪ್ಲಾಸ್ಟಿಕ್ಕು ಮಗಳೇ, ಅದಕ್ಕೆ ಏನೂ ಕೇಳಿಸಲ್ಲ.’

ಇವತ್ತು ಲೇಲ್ಯಾಂಡಿನ ಮೂತಿಯಿಂದ ಗೋಣಿ ಎಳೆದು, ಎಂಜಿನ್ ಎಬ್ಬಿಸಿ,
ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದರು.
ಕಚ್ಚು.

ಡೀಸೆಲ್ಲಿನ ಕಹಿ, ಬೆವರಿನ ಉಪ್ಪು,
ಮರದಲ್ಲಿ ಅವರ ಹಲ್ಲುಗಳ ಹಳ್ಳ, ಒಂದರ ಪಕ್ಕ ಒಂದು.
ನನ್ನವು ಅವುಗಳಲ್ಲಿ ಕೂರಲಿಲ್ಲ.
ತಲೆಬುರುಡೆಯ ತುಂಬ ಗಿರಣಿ. ನಡುವೆ, ತುಸು ತಡವಾಗಿ,
ಮೊರದಲ್ಲಿ ಹುರುಳಿ ಕೇರಿದ ಹಾಗೆ ಒಂದು ಸದ್ದು.

‘ಮೂರನೇದು’ ಅಂದೆ.

ಮೂರನೇ ಪೈಪಿನ ನಟ್ಟು ಸಡಿಲಿಸಿದೆ, ಡೀಸೆಲ್ ಮುಂಗೈಗೆ ಚಿಮ್ಮಿತು,
ಎಂಜಿನ್ ಕುಗ್ಗಿತು, ಹುರುಳಿ ಹಾಗೇ ಇತ್ತು.
ಅದನ್ನು ಬಿಗಿದು ನಾಲ್ಕನೆಯದನ್ನು ಸಡಿಲಿಸಿದೆ:
ಹುರುಳಿ ನಿಂತಿತು.

ರೆಡ್ಡಿ ನಗಬೇಕೆಂದಿದ್ದವನು ಸಾಬರ ಮುಖ ನೋಡಿ ಸುಮ್ಮನಾದ.
ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಅಂದರು:
‘ಪಕ್ಕದ ಮನೆ ಬಾಗಿಲು ತಟ್ಟಿದೀಯ. ಬೀದಿ ಸರಿಯಾಗಿದೆ.’

ಕೀಲಿ ತಿರುಗಿಸಿದರೆ ನಿಲ್ಲುವ ಜಾತಿಯಲ್ಲ ಇವು.
ಕೈಹಾಕಿ ಸ್ಟಾಪ್ ಕೇಬಲ್ ಎಳೆದೆ. ಲಾರಿ ಒಮ್ಮೆ ಮೈ ಕೊಡವಿ ಸುಮ್ಮನಾಯಿತು.
ಹಿಡಿಯನ್ನು ಬೆಳಕಿಗೆ ಒಡ್ಡಿ ನೋಡಿದೆ:
ಹಳೆಯ ಹಳ್ಳಗಳ ಅಂಚಿನಲ್ಲಿ ಎರಡು ಬಿಳಿ ಗೀರು,
ಇನ್ನೂ ಒದ್ದೆ.

‘ಆ ಡಬ್ಬಾ ಕಾರು ಈಕಡೆ ತಿರುಗಿಸಿ’ ಅಂದರು ಸಾಬರು, ‘ಅದನ್ನೂ ಕಚ್ಚಲಿ.’